ಗಡಿಯಮ್ಮನ ಮೀಸೆ

ನಾಚಿಕೆಯ ಸ್ವಭಾವದವರಿಗೆ ಮಾತು ಕಡಿಮೆ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ಇದು ತಪ್ಪು. ಎದ್ದು ನಿಂತು ಭಾಷಣ ಮಾಡುವವರ ಮಾತು ಆಗಿಂದಾಗ್ಗೆ ಖರ್ಚಾಗಿ ಹೋಗುತ್ತಿರುತ್ತದೆ. ನಮ್ಮಂಥವರದು ಒಳಗೇ ಕೂಡಿ ಕೂಡಿ ಅಟ್ಟದ ಮೇಲಿನ ಸಾಮಾನಿನ ಹಾಗೆ ಆಗಿರುತ್ತದೆ. ನಾನು ತವರಿನ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಒಮ್ಮೆ ಇನ್‌ಸ್ಪೆಕ್ಟರ್ ಬಂದು ನನ್ನ ಹೆಸರು ಕೇಳಿದಾಗ ನಾನು ಅದನ್ನು ಗೋಡೆಗೆ ಹೇಳಿದೆ. ಅವರು "ಗಟ್ಟಿಯಾಗಿ ಹೇಳಮ್ಮ" ಎಂದರು. ಗಟ್ಟಿಯಾಗಿ ಅತ್ತುಬಿಟ್ಟೆ. ಆಗ ನನಗೆ ಹತ್ತು ವರ್ಷ, ಈಗ ಅರವತ್ತೇಳು. ಈ ನಡುವೆ ಎಷ್ಟೋ ಸುಧಾರಿಸಿದ್ದೇನೆ, ಅಳುವುದಿಲ್ಲ. ಆದರೂ ಮಕ್ಕಳೇ, ನಿಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದಾಗ ನಾನು ಕಂಬದ ಹಿಂದಿನ ಕುರ್ಚಿಯನ್ನೇ ಹುಡುಕುವುದನ್ನು ನೀವು ನೋಡಿದ್ದೀರಿ. ಅಲ್ಲಿಂದ ವೇದಿಕೆ ಕಾಣುವುದಿಲ್ಲ, ನಿಜ. ವೇದಿಕೆಯಿಂದ ನಾನೂ ಕಾಣುವುದಿಲ್ಲವಲ್ಲ, ಅದು ಮುಖ್ಯ.

ಇಂಥವರಿಗೆ ಒಳಗಿನದನ್ನು ಇಳಿಸಿ ಬರಲು ಒಂದು ಜಾಗ ಬೇಕು. ನನಗೆ ಅಂಥ ಜಾಗವನ್ನು ತೋರಿಸಿಕೊಟ್ಟವರು ನನ್ನ ಅತ್ತೆ. ಹತ್ತೊಂಬತ್ತನೆಯ ವಯಸ್ಸಿಗೆ ಮದುವೆಯಾಗಿ ಈ ಊರಿಗೆ ಬಂದೆ. ಚಿಕ್ಕಜಾಲದಿಂದ ಒಳಗೆ ಒಂದೂವರೆ ಮೈಲಿ. ಆಗ ಸುತ್ತ ದ್ರಾಕ್ಷಿ ತೋಟ, ರಾಗಿ ಹೊಲ. ಈಗ ಸುತ್ತ ಏನಿದೆ ಎಂದು ನಿಮಗೇ ಗೊತ್ತು. ಬಂದ ಮೊದಲ ಶುಕ್ರವಾರ ಅತ್ತೆ ನನ್ನ ಕೈಗೆ ಎಣ್ಣೆಯ ಬಟ್ಟಲು, ಅರಿಶಿನ, ಹೂವು ಕೊಟ್ಟು ಊರಿನ ಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಹುಣಸೆ ಮರದ ಕೆಳಗೆ ಎದೆಮಟ್ಟದವರೆಗೆ ಹೂತಿದ್ದ ಒಂದು ಕಲ್ಲು. ಮೇಲೆ ಕಾಣುತ್ತಿದ್ದುದು ಒಂದು ದುಂಡು ಮುಖ, ಪಕ್ಕಕ್ಕೆ ವಾಲಿದ ದೊಡ್ಡ ತುರುಬು. ಮುಖಕ್ಕೆ ಎಣ್ಣೆ ಅರಿಶಿನ ಗಟ್ಟಿಯಾಗಿ ಹೆಪ್ಪುಗಟ್ಟಿ ಮೂಗು ಎಲ್ಲಿ ಮುಗಿದು ಬಾಯಿ ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗುತ್ತಿರಲಿಲ್ಲ. ಎರಡು ಬೆಳ್ಳಿಯ ಕಣ್ಣು ಅಂಟಿಸಿದ್ದರು. ಕೆಳಗೆ ಹಸಿರು ಸೀರೆ, ಕಲ್ಲಿನ ಎರಡೂ ಬದಿಗೆ ದಾರದಲ್ಲಿ ಪೋಣಿಸಿದ ಹಸಿರು ಬಳೆ. ಊರ ಗಡಿಯಲ್ಲಿದ್ದುದರಿಂದ ಗಡಿಯಮ್ಮ. ಅತ್ತೆ ಕೈ ಮುಗಿದು, ನನ್ನ ಕಡೆ ತಿರುಗಿ, "ನೋಡಮ್ಮಿ, ಏನಾದ್ರೂ ಯೋಳ್ಕಳಾದಿದ್ರೆ ಇಲ್ಲಿ ಬಂದು ಯೋಳ್ಕೊ. ಮನೇಲಿ ಬ್ಯಾಡ" ಎಂದರು. ಇಷ್ಟು ಒಳ್ಳೆಯ ಬುದ್ಧಿಮಾತನ್ನು ನನಗೆ ಬೇರೆ ಯಾರೂ ಹೇಳಲಿಲ್ಲ. ಮರು ಶುಕ್ರವಾರ ನಾನೊಬ್ಬಳೇ ಹೋಗಿ ಗಡಿಯಮ್ಮನಿಗೆ ಹೇಳಿಕೊಂಡ ಮೊದಲ ದೂರು ಆ ಅತ್ತೆಯ ಮೇಲೆಯೇ.

ಅದು ನಮ್ಮ ಊರಿನ ಪದ್ಧತಿ. ಸೊಸೆಯಾಗಿ ಬಂದವಳು ಶುಕ್ರವಾರ ಗಡಿಯಮ್ಮನಿಗೆ ಎಣ್ಣೆ ಹಚ್ಚಿ, ಅವಳ ಮುಂದೆ ಕುಳಿತು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಮನಸ್ಸಿನಲ್ಲಿದ್ದುದನ್ನು ಹೇಳಬೇಕು. ಒಬ್ಬಳು ಹೇಳುವಾಗ ಇನ್ನೊಬ್ಬಳು ದೂರದಲ್ಲಿ ಕಾಯಬೇಕು. ಗಂಡಸರು ಆ ಕಡೆ ಬರುತ್ತಿರಲಿಲ್ಲ. ಮೋಟಾರ್ ಬೈಕಿನಲ್ಲಿ ಹೋಗುವಾಗ ಒಂದು ಕೈಯನ್ನು ಎದೆಗೆ ಮುಟ್ಟಿಸಿಕೊಂಡರೆ ಅವರ ಭಕ್ತಿ ಮುಗಿಯಿತು. ವರ್ಷಕ್ಕೊಮ್ಮೆ ಹೊಸ ಸೀರೆ ಉಡಿಸಿ ಮಡಿಲು ತುಂಬುವುದು, ಹಳೆಯ ಸೀರೆಯನ್ನು ಸರದಿಯ ಮೇಲೆ ಒಬ್ಬೊಬ್ಬ ಸೊಸೆ ಪ್ರಸಾದವೆಂದು ತೆಗೆದುಕೊಳ್ಳುವುದು. ನಲವತ್ತೆಂಟು ವರ್ಷದಲ್ಲಿ ನನ್ನ ಪಾಲಿಗೆ ಆರು ಸೀರೆ ಬಂದಿವೆ. ಬೀರುವಿನಲ್ಲಿವೆ. ಈ ಸೀರೆಗಳ ವಿಷಯದಲ್ಲಿ ಈಗ ನನಗಿರುವ ಮುಜುಗರ ಮುಂದೆ ಓದಿದರೆ ನಿಮಗೆ ತಿಳಿಯುತ್ತದೆ.

ನಾನು ಏನೇನು ಹೇಳಿಕೊಂಡೆ ಎಂದರೆ, ಎಲ್ಲವನ್ನೂ. ಮೊದಲ ಬಸುರಿನ ವಾಂತಿ, ಎರಡನೆಯ ಬಾಣಂತನ, ಹೊಟ್ಟೆಯ ನೋವು ಯಾವ ಕಡೆಯಿಂದ ಶುರುವಾಗಿ ಯಾವ ಕಡೆಗೆ ಹೋಗುತ್ತದೆ, ಡಾಕ್ಟರಿಗೆ ಹೇಳಲಾಗದೆ ಬಂದದ್ದು ಏನು. ನಿಮ್ಮ ತಾತನ ಮೇಲೆ ಹೇಳಿದ ದೂರುಗಳನ್ನು ಒಟ್ಟುಮಾಡಿದರೆ ಕೋರ್ಟಿಗೆ ಹೋಗಬಹುದಿತ್ತು. ಅವರು ಒಳ್ಳೆಯವರೇ. ಆದರೆ ಒಳ್ಳೆಯವರ ಮೇಲೂ ಶುಕ್ರವಾರಕ್ಕೊಂದು ದೂರು ಇದ್ದೇ ಇರುತ್ತದೆ. ಹೇಳಿ ಹೇಳಿ ಕೊನೆಯಲ್ಲಿ ನಾನು ನಿಟ್ಟುಸಿರು ಬಿಟ್ಟು, "ಈ ಗಂಡಸ್ರ ಜಾತೀನೇ ಇಷ್ಟು. ನಿಂಗೊತ್ತಿಲ್ದೇ ಇರೋದೇನೈತೆ ತಾಯಿ" ಎನ್ನುತ್ತಿದ್ದೆ. ವಿಮಾನ ನಿಲ್ದಾಣ ಬಂದ ಮೇಲೆ ನಡುನಡುವೆ ತಲೆಯ ಮೇಲೆ ವಿಮಾನ ಹೋಗುತ್ತಿತ್ತು. ಅಮ್ಮನಿಗೆ ಕೇಳಿಸುವುದಿಲ್ಲವೆಂದು ಅದು ದಾಟುವವರೆಗೆ ನಿಲ್ಲಿಸಿ, ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದೆ. ನಿಮ್ಮ ತಾತ ತೀರಿಕೊಂಡಾಗ ಯಾರೋ ಹಿರಿಯಳು ಇನ್ನು ನಾನು ಗಡಿಯಮ್ಮನಿಗೆ ಅರಿಶಿನ ಹಚ್ಚಬಾರದು ಎಂದಳು. ಆ ಶುಕ್ರವಾರ ಬರಿಗೈಯಲ್ಲಿ ಹೋಗಿ ಕುಳಿತೆ. ಒಂದು ಮಾತೂ ಹೊರಡಲಿಲ್ಲ. ಬೆಳ್ಳಿಯ ಕಣ್ಣು ನನ್ನನ್ನೇ ನೋಡುತ್ತಿತ್ತು. ಮುಂದಿನ ವಾರ ಅರಿಶಿನ ತೆಗೆದುಕೊಂಡೇ ಹೋದೆ, ಯಾರೂ ಏನೂ ಅನ್ನಲಿಲ್ಲ. ನಾಚಿಕೆಯವರು ಹಟ ಹಿಡಿದರೆ ಎದುರಿನವರಿಗೆ ಅದು ಹಟವೆಂದು ಗೊತ್ತಾಗುವುದೇ ಇಲ್ಲ.

ಹೋದ ವರ್ಷ ಆ ದಾರಿಯಲ್ಲಿ ಮೋರಿ ತೋಡಲು ಬಂದವರು ಗಡಿಯಮ್ಮನ ಪಕ್ಕದ ಮಣ್ಣು ತೆಗೆದಾಗ ಕಲ್ಲು ಕೆಳಗೆ ಇನ್ನೂ ಒಂದಾಳುದ್ದ ಇರುವುದು ಕಂಡಿತು. ಬದಿಯಲ್ಲಿ ಅಕ್ಷರಗಳೂ ಕಂಡವು. ಯಾರೋ ಫೋಟೋ ತೆಗೆದು ಎಲ್ಲಿಗೋ ಕಳಿಸಿದರು. ನಾಲ್ಕನೆಯ ದಿನಕ್ಕೆ ಸಿಂಧು ಎಂಬ ಹುಡುಗಿ ಸ್ಕೂಟರಿನಲ್ಲಿ ಬಂದಳು. ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡು ಹಳೆಯ ಶಾಸನಗಳ ಮೇಲೆ ಓದುತ್ತಿರುವವಳು. ಹೆಲ್ಮೆಟ್ ತೆಗೆಯುವ ಮೊದಲು ಚಪ್ಪಲಿ ತೆಗೆದಳು. ಅದು ನನಗೆ ಹಿಡಿಸಿತು. ನನ್ನನ್ನು ಮೊದಲು ಆಂಟಿ ಎಂದಳು. ನಾನು ಮಂಡಿ ಹಿಡಿದು ಎದ್ದುದನ್ನು ನೋಡಿ ಅಜ್ಜಿ ಎಂದು ತಿದ್ದಿಕೊಂಡಳು. "ಅಜ್ಜಿ, ಈ ಕಲ್ಲನ್ನ ಒಂದ್ಸಲ ಪೂರ್ತಿ ತೊಳೀಬೇಕು. ಬರೀ ನೀರು, ಮೆತ್ತಗಿರೋ ಬ್ರಶ್ಶು, ಅಷ್ಟೇ. ಯಾರನ್ನ ಪರ್ಮಿಷನ್ ಕೇಳ್ಬೇಕು?" ಎಂದಳು. ಗಡಿಯಮ್ಮನ ಬೆಳ್ಳಿ ಕಣ್ಣು, ಸೀರೆಯ ಪೆಟ್ಟಿಗೆ ಅತ್ತೆಯಿಂದ ನನ್ನ ಸುಪರ್ದಿಗೆ ಬಂದಿದ್ದರಿಂದ ಎಲ್ಲರೂ ನನ್ನ ಮುಖ ನೋಡಿದರು. ನನಗೇನು, ಸಂತೋಷವೇ. ಅಮ್ಮನಿಗೆ ಒಂದು ಒಳ್ಳೆಯ ಅಭ್ಯಂಜನವಾಗಲಿ ಎಂದುಕೊಂಡು ಒಪ್ಪಿದೆ. ಮರುದಿನ ಬೆಳಗ್ಗೆ ಸೀಗೆಪುಡಿ ಕಲಸಿಕೊಂಡೇ ಹೋದೆ. ಸಿಂಧು ಕೈ ಮುಗಿದು ಬೇಡವೆಂದಳು.

ಆದರೆ ಒಂದು ತೊಡಕಿತ್ತು. ಕಲ್ಲಿನ ಎದುರಿಗೆ ಈಗ ಟೈರ್ ಪಂಕ್ಚರ್ ಅಂಗಡಿ. ಅಲ್ಲಿ ಯಾವಾಗಲೂ ನಾಲ್ಕು ಜನ ಗಂಡಸರು ನಿಂತಿರುತ್ತಾರೆ. ಅವರ ಕಣ್ಣೆದುರಿಗೆ ಅಮ್ಮನ ಸೀರೆ ತೆಗೆಯುವುದು ಹೇಗೆ? ನನ್ನ ಓರಗಿತ್ತಿ ಜಯಮ್ಮ, ಅಂದರೆ ನಿಮ್ಮ ಚಿಕ್ಕಜ್ಜಿ, ಮನೆಗೆ ಓಡಿಹೋಗಿ ಎರಡು ಚಾದರ ತಂದಳು. ಒಂದು ನಿಮ್ಮದೇ, ಕೆಂಪು ಕಾರುಗಳ ಚಿತ್ರವಿರುವುದು. ನಾಲ್ವರು ಹೆಂಗಸರು ನಾಲ್ಕು ಮೂಲೆ ಹಿಡಿದು ಪರದೆ ಕಟ್ಟಿ ನಿಂತೆವು. ಸಿಂಧು ಒಳಗಿನಿಂದ, "ಅಜ್ಜಿ, ಕಲ್ಲು ತೊಳ್ಯೋದಕ್ಕೆ ಪರದೆ ಯಾಕೆ?" ಎಂದಳು. ಜಯಮ್ಮ, "ನೀನು ನಾಕ್ ಜನದ್ ಮುಂದೆ ಸ್ನಾನ ಮಾಡ್ತೀಯೇನಮ್ಮಿ?" ಎಂದು ಕೇಳಿದಳು. ಹುಡುಗಿ ಪರದೆಯ ಸಂದನ್ನು ಒಳಗಿನಿಂದ ತಾನೇ ಎಳೆದು ಮುಚ್ಚಿದಳು.

ನಾನು ಚಾದರದ ಮೂಲೆಯನ್ನು ಹಲ್ಲಿಗೆ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಅಮ್ಮನ ಬಳೆ, ಕಣ್ಣು, ಸೀರೆ ತೆಗೆದೆ. ಸಿಂಧು ನೀರು ಹಾಕಿ ಮೆಲ್ಲಗೆ ಉಜ್ಜಲು ಶುರುಮಾಡಿದಳು. ಹಳೆಯ ಎಣ್ಣೆ ಪದರ ಪದರವಾಗಿ ಬಂತು. ಮೊದಲು ತುರುಬು ಕಾಣಿಸಿತು. ಎಷ್ಟು ಚೆಂದದ ತುರುಬು! "ನೋಡಕ್ಕ, ಎಂಥಾ ಕೂದ್ಲು ನಮ್ಮಮ್ಮಂದು" ಎಂದು ಜಯಮ್ಮ ಹಿಗ್ಗಿದಳು. ಆಮೇಲೆ ಹಣೆ, ಕಿವಿಯ ದೊಡ್ಡ ಓಲೆ, ನೀಳ ಮೂಗು. ಆಮೇಲೆ ಮೂಗಿನ ಕೆಳಗೆ ಸಿಂಧುವಿನ ಕೈ ನಿಂತುಹೋಯಿತು. "ಅಜ್ಜಿ," ಎಂದಳು, "ಇದು ಮೀಸೆ."

"ಕೊಳೆ ಇರ್ಬೇಕು, ಇನ್ನೊಂದ್ಸಲ ಉಜ್ಜು" ಎಂದಳು ಜಯಮ್ಮ.

ಉಜ್ಜಿದಷ್ಟೂ ಮೀಸೆ ಹೆಚ್ಚಾಯಿತು. ಎರಡೂ ತುದಿ ಮೇಲಕ್ಕೆ ತಿರುವಿದ್ದು. ಅದರ ಕೆಳಗೆ ಅಗಲವಾದ ಎದೆ, ಮೇಲಕ್ಕೆತ್ತಿದ ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ. ಹೊಸದಾಗಿ ಮಣ್ಣು ತೆಗೆದಿದ್ದ ಕಡೆ ಸಿಂಧು ಒಂದು ಚೊಂಬು ನೀರು ಸುರಿದಳು. ಸೊಂಟಕ್ಕೆ ಬಿಗಿದ ಕಚ್ಚೆ, ಅದರ ಕೆಳಗೆ ಬರಿಗಾಲು. ಹೀಗೆ ನಾವು ನಾಲ್ವರು ಮರ್ಯಾದಸ್ಥ ಹೆಂಗಸರು ಹಗಲು ಹೊತ್ತಿನಲ್ಲಿ ಸುತ್ತ ಪರದೆ ಕಟ್ಟಿಕೊಂಡು ಕಚ್ಚೆ ಹಾಕಿದ ಒಬ್ಬ ಗಂಡಸಿನ ಜೊತೆ ಒಳಗೆ ನಿಂತಿದ್ದೆವು. "ಅಯ್ಯೋ, ಗಂಡ್ಸು ಕಣಕ್ಕಾ!" ಎಂದು ಜಯಮ್ಮ ಚಾದರವನ್ನು ಬಿಟ್ಟು ಅದರಿಂದಲೇ ಮುಖ ಮುಚ್ಚಿಕೊಂಡಳು. ಪರದೆ ಕಳಚಿತು. ಪಂಕ್ಚರ್ ಅಂಗಡಿಯವರು ನೋಡುತ್ತಿದ್ದರು. ನಾನು ಕೈಯಲ್ಲಿದ್ದ ಹಸಿರು ಸೀರೆಯನ್ನು ಮತ್ತೆ ಅವನಿಗೆ ಸುತ್ತುವುದೋ ಬಿಡುವುದೋ ತಿಳಿಯದೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ.

ಸಿಂಧುವಿಗೆ ಮಾತ್ರ ಹಬ್ಬ. ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದು, ಮಣ್ಣಿನಡಿ ಇದ್ದುದನ್ನೂ ಎಣ್ಣೆಯಡಿ ಇದ್ದುದನ್ನೂ ಸೇರಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿ, ನಮಗೆ ಬಿಡಿಸಿ ಹೇಳಿದಳು. ಇದು ವೀರಗಲ್ಲು. ಬಹಳ ಹಿಂದೆ ಒಬ್ಬ ರಾಜನ ಸೀಮೆ ಮುಗಿದು ಇನ್ನೊಬ್ಬನದು ಶುರುವಾಗುವ ಜಾಗ ಇದು, ಬರೀ ಕಾಡು. ಎಲ್ಲಿಂದಲೋ ಬಂದ ಇವನು ಕಾಡು ಕಡಿದು ಹೊಲ ಮಾಡಿ ನಿಂತ. ಸೈನಿಕನೂ ಹೌದು, ಒಕ್ಕಲಿಗನೂ ಹೌದು. ಆಚೆ ಸೀಮೆಯವರು ಬಂದು ಊರಿನ ದನಗಳನ್ನು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ, ದನಗಳನ್ನು ಬಿಡಿಸಿ ಕಳಿಸಿ, ತಾನು ಸತ್ತ. ಊರಿನವರು ಕಲ್ಲು ನಿಲ್ಲಿಸಿದರು. ಹೆಸರು ಇದ್ದ ಜಾಗದಲ್ಲಿ ಕಲ್ಲಿನ ಚಕ್ಕೆ ಎದ್ದು ಹೋಗಿದೆ. ಆ ಕಾಲದಲ್ಲಿ ಗಂಡಸರೂ ತುರುಬು ಕಟ್ಟುತ್ತಿದ್ದರಂತೆ. ಆ ತುರುಬನ್ನು ನೋಡಿ ಯಾವುದೋ ಕಾಲದ ಯಾವುದೋ ಸೊಸೆ ಇದು ಹೆಣ್ಣೇ ಎಂದು ತೀರ್ಮಾನಿಸಿ ಸೀರೆ ಉಡಿಸಿಬಿಟ್ಟಳು. ಉಡಿಸಿದ ಮೇಲೆ ಯಾರೂ ಬಿಚ್ಚಿ ನೋಡಲಿಲ್ಲ. ನಾವು ಅಂಥ ಹೆಂಗಸರಲ್ಲ.

ಮೂರು ದಿನ ನಾನು ಆ ದಾರಿಯಲ್ಲೇ ಹೋಗಲಿಲ್ಲ. ಡೈರಿಗೆ ಹಾಲು ಹಾಕಲು ಇಡೀ ಊರು ಸುತ್ತಿಕೊಂಡು ಹೋದೆ. ಹೇಳಿಕೊಂಡಿದ್ದೆಲ್ಲ ಒಂದೊಂದಾಗಿ ನೆನಪಿಗೆ ಬರುತ್ತಿತ್ತು. ಬಾಣಂತನದ್ದು ನೆನಪಾದರೆ ಮುಖ ಬಿಸಿಯಾಗುತ್ತಿತ್ತು. ಹೊಟ್ಟೆನೋವಿನದ್ದು ನೆನಪಾದರೆ ಕೈಯಲ್ಲಿದ್ದ ಪಾತ್ರೆ ಕೆಳಗಿಡಬೇಕಾಗುತ್ತಿತ್ತು. ಗಂಡಸರ ಜಾತಿಯ ಬಗ್ಗೆ ಒಬ್ಬ ಗಂಡಸಿನ ಮುಂದೆಯೇ ನಲವತ್ತೆಂಟು ವರ್ಷ ಬೈದಿದ್ದೇನಲ್ಲ! ಅದೂ ಕೈಯಲ್ಲಿ ಕತ್ತಿ ಇದ್ದವನು. ನಾಲ್ಕನೆಯ ದಿನ ರಾಗಿ ಬೀಸಿಸಿಕೊಂಡು ಬರುವಾಗ ಇನ್ನೊಂದು ಯೋಚನೆ ಬಂತು. ನನ್ನ ಜನ್ಮದಲ್ಲಿ ನಡುವೆ ಬಾಯಿ ಹಾಕದೆ, ಗಡಿಯಾರ ನೋಡದೆ, "ಆಯ್ತು, ಈಗೇನ್ ಮಾಡ್ಬೇಕು ಅಂತೀಯ?" ಎನ್ನದೆ ನನ್ನ ಮಾತನ್ನು ಪೂರ್ತಿ ಕೇಳಿದ ಗಂಡಸು ಇವನೊಬ್ಬನೇ. ಕಳೆದುಕೊಳ್ಳಬಾರದು ಎನ್ನಿಸಿತು.

ಕಳೆದುಕೊಳ್ಳುವ ಹಾಗೆಯೇ ಆಗಿತ್ತು. ಸೀರೆ ಉಟ್ಟಿರುವವರೆಗೆ ಆ ಕಡೆ ತಿರುಗಿಯೂ ನೋಡದ ಊರಿನ ಗಂಡಸರಿಗೆ ಮೀಸೆ ಕಂಡ ಕೂಡಲೇ ಕಲ್ಲಿನ ಮೇಲೆ ಅಪಾರ ಪ್ರೀತಿ ಹುಟ್ಟಿತು. ಇವರ ಮುಂದಾಳು ನನ್ನ ಮೈದುನ ಗೋವಿಂದಪ್ಪ, ಜಯಮ್ಮನ ಗಂಡ. ಹೊಲ ಮಾರಿ, ಉಳಿದ ಹೊಲದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸಿದವನು. ಒಂದೇ ವಾರದಲ್ಲಿ ಫ್ಲೆಕ್ಸ್ ಹಾಕಿಸಿದ. ಅದರಲ್ಲಿ ವೀರನ ಚಿತ್ರ ಅಂಗೈಯಗಲ, ತನ್ನದು ಆಳೆತ್ತರ. ಮೀಸೆಯೂ ವೀರನದಕ್ಕಿಂತ ಗೋವಿಂದಪ್ಪನದೇ ದಪ್ಪ. ಸಿಂಧು ಮತ್ತು ಅವಳ ಗೆಳೆಯರು ಕಲ್ಲಿನ ಪಕ್ಕ ಒಂದು ಫಲಕ ಹಾಕಿಸಿಕೊಡುತ್ತೇವೆ ಎಂದಿದ್ದರು. ಅದರ ಮಾತಿಗೆ ಭಾನುವಾರ ಬೆಳಗ್ಗೆ ಡೈರಿಯ ಮುಂದೆ ಸಭೆ ಸೇರಿತು. ಗಂಡಸರು ಪ್ಲಾಸ್ಟಿಕ್ ಕುರ್ಚಿಯಲ್ಲಿ, ನಾವು ಹೆಂಗಸರು ಡೈರಿಯ ಮೆಟ್ಟಿಲ ಮೇಲೆ.

ಗೋವಿಂದಪ್ಪ ಎದ್ದು ನಿಂತು, "ನೋಡ್ರಪ್ಪಾ, ಈ ವೀರ ನಮ್ಮ ವಂಸದ ಮೂಲಪುರುಸ. ಗಂಡುಗಲಿ. ಇನ್ಮೇಲೆ ಎಂಗಸ್ರು ಸೀರೆ ಗೀರೆ, ಬಳೆ ಗಿಳೆ ತಂದು ಅವಮಾನ ಮಾಡಂಗಿಲ್ಲ. ಸುತ್ತ ಗ್ರಿಲ್ಲು, ಗ್ರಿಲ್ಗೊಂದು ಬೀಗ. ಕೀ ನನ್ತಾವಿರ್ತದೆ. ವರ್ಸಕ್ಕೊಂದ್ಸಲ ತೆಗೆದು ಆರ ಹಾಕಾನ" ಎಂದ. ಸಿಂಧು ಮೆಲ್ಲಗೆ, "ಸರ್, ಹೆಸರೇ ಉಳಿದಿಲ್ಲ. ನಿಮ್ಮ ವಂಶ ಅಂತ ಫಲಕದಲ್ಲಿ ಹಾಕಕ್ಕಾಗಲ್ಲ" ಎಂದಳು. "ಎಸ್ರು ನಾವ್ ಕೊಡ್ತೀವಿ ಬಿಡಮ್ಮ, ನಮ್ತಾತಂದು ಐತಲ್ಲ" ಎಂದ ಗೋವಿಂದಪ್ಪ. ಗಂಡಸರೆಲ್ಲ ತಲೆಯಾಡಿಸಿದರು. ಬೀಗ ಎಂಬ ಮಾತು ಕೇಳಿದ ಕೂಡಲೇ ಮೆಟ್ಟಿಲ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ವರ್ಷಕ್ಕೊಂದು ಸಲ! ಐವತ್ತೊಂದು ಶುಕ್ರವಾರದ್ದನ್ನು ಎಲ್ಲಿಗೆ ಒಯ್ಯುವುದು? ಜಯಮ್ಮ ನನ್ನ ತೋಳನ್ನು ಜೋರಾಗಿ ಚಿವುಟಿ, "ಅಕ್ಕ, ನೀನೇಳು" ಎಂದಳು. ನೋವಿಗೆ ನಾನು ಎದ್ದು ನಿಂತುಬಿಟ್ಟೆ. ನಿಂತದ್ದನ್ನು ಎಲ್ಲರೂ ನೋಡಿದರು. ಇನ್ನು ಕೂರುವ ಹಾಗಿಲ್ಲ. "ಬೀಗ ಬೇಡ" ಎಂಬ ಎರಡು ಮಾತು ಹೇಳಿ ಕುಳಿತುಕೊಳ್ಳುವುದು ಎಂದುಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ.

"ಗೋವಿಂದಪ್ಪ, ನೀನು ಯಾವೂರ್ನೋನಪ್ಪ?"

"ಇದೇನತ್ಗೆ, ಇದೇ ಊರ್ನೋನು."

"ನಿಮ್ಮಪ್ಪ, ನಿಮ್ತಾತ?"

"ಎಲ್ಲಾ ಇದೇ ಊರು. ಅದನ್ನೇ ಅಲ್ವಾ ನಾನು ಯೋಳ್ತಿರಾದು!"

"ಕಲ್ಲಲ್ಲಿರೋನು ಬ್ಯಾರೆ ಕಡೆಯಿಂದ ಬಂದೋನು ಅಂತ ಈ ಮಗು ಓದಿದ್ಲು. ಬ್ಯಾರೆ ಕಡೆಯಿಂದ ಈ ಊರಿಗೆ ಬಂದು, ಈ ಊರಿನ್ ದನ ಕಾದು, ಇಲ್ಲೇ ಮಣ್ಣಾಗೋರು ಯಾರು? ನಾವು. ನಾನು ದೊಡ್ಡಬಳ್ಳಾಪುರದ ಕಡೆಯೋಳು, ಜಯಮ್ಮ ಮತ್ತಿಕೆರೆಯೋಳು. ಈ ಮೆಟ್ಲ ಮೇಲೆ ಕುಂತಿರೋರು ಒಬ್ಬೊಬ್ರು ಒಂದೊಂದ್ ಊರಿಂದ ಬಂದೋರು. ನೀವ್ ಗಂಡಸ್ರು ಎಲ್ಲಿಂದ್ಲೂ ಬಂದಿಲ್ಲ, ಉಟ್ಟಿದ್ ಜಾಗ್ದಲ್ಲೇ ಕುಂತಿದ್ದೀರ. ಅವ್ನು ನಿಮ್ಮೋನು ಎಂಗಾಯ್ತಾನೆ? ನಮ್ಮೋನು."

ಇಷ್ಟು ಮಾತನ್ನು ನಾನು ಒಟ್ಟಿಗೆ ಆಡಿದ್ದು ಅದೇ ಮೊದಲು. ಗೋವಿಂದಪ್ಪ ಬಾಯಿ ತೆರೆದ, ಆಗಲೇ ಮೇಲೆ ವಿಮಾನ ಹೋಯಿತು, ಮುಚ್ಚಿದ. ಜಯಮ್ಮನೂ ಎದ್ದು ನಿಂತಳು. "ಅಕ್ಕ ಯೋಳಿದ್ದು ಸರಿಯಾಗೈತೆ. ಮೂವತ್ತು ವರ್ಸ್ದಿಂದ ದನಕ್ಕೆ ಒಂದಿನ ನೀನು ಹುಲ್ಲಾಕಿದ್ದೀಯಾ? ದನ ಬಿಡ್ಸಕ್ಕೆ ಸತ್ತೋನು ನಿನ್ ವಂಸ ಅಂತೆ!" ಗೋವಿಂದಪ್ಪ ದನಿ ತಗ್ಗಿಸಿ, "ಮನೇಲ್ ಮಾತಾಡಾನ ಬಾರೇ" ಎಂದ. "ಮನೇಲ್ ಮಾತಾಡಕ್ಕಾಗ್ದೆ ಇದ್ದಿದ್ಕೇ ಅಲ್ಲಿಗೆ ಓಯ್ತಿದ್ದಿದ್ದು!" ಎಂದಳು ಜಯಮ್ಮ. ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು. ಕುರ್ಚಿಯ ಮೇಲಿದ್ದವರಲ್ಲೂ ಇಬ್ಬರು ನಕ್ಕರು. ಅಲ್ಲಿಗೆ ಸಭೆ ನಮ್ಮದಾಯಿತು.

ಗ್ರಿಲ್ ಹಾಕಿದ್ದಾರೆ, ಮೊಣಕಾಲೆತ್ತರ, ಬೀಗವಿಲ್ಲ. ಎಣ್ಣೆ ಅರಿಶಿನವನ್ನು ಮೇಲೆ ಹಚ್ಚಬಾರದು, ಅಕ್ಷರ ಮುಚ್ಚಿಹೋಗುತ್ತದೆ ಎಂದು ಸಿಂಧು ಕೇಳಿಕೊಂಡಳು. ಇಷ್ಟು ಕಾಲ ಮಳೆ ಬಿಸಿಲಿನಿಂದ ಅಕ್ಷರ ಉಳಿಸಿದ್ದೂ ನಮ್ಮ ಎಣ್ಣೆ ಅರಿಶಿನವೇ ಎಂದು ಅವಳೇ ಹೇಳಿದ್ದರಿಂದ ನಾವು ಉದಾರವಾಗಿ ಒಪ್ಪಿದೆವು. ಮುಂದೆ ಒಂದು ಚಪ್ಪಟೆ ಕಲ್ಲು ಇಟ್ಟುಕೊಂಡಿದ್ದೇವೆ, ಹೂವು ಅರಿಶಿನ ಅದಕ್ಕೆ. ಸೀರೆ ನಿಂತಿತು. ಆದರೆ ಬರೀ ಕಚ್ಚೆಯಲ್ಲಿ ನಿಂತವನನ್ನು ನೋಡುತ್ತಾ ಕೂರುವುದು ಹೇಗೆಂದು ಜಯಮ್ಮ ಒಂದು ಜರಿಯಂಚಿನ ಶಲ್ಯ ತಂದು ಸೊಂಟಕ್ಕೆ ಸುತ್ತಿದಳು. ಸಿಂಧು ನೋಡಿಯೂ ನೋಡದ ಹಾಗೆ ಇದ್ದಳು. ಫಲಕದಲ್ಲಿ, ಬೇರೆ ಸೀಮೆಯಿಂದ ಬಂದು ಈ ಗಡಿಯಲ್ಲಿ ನೆಲೆ ನಿಂತು ದನಗಳಿಗಾಗಿ ಹೋರಾಡಿ ಮಡಿದ, ಹೆಸರು ಉಳಿಯದ ವೀರ ಎಂದು ಬರೆದು, ಕೆಳಗೆ, ಊರಿನ ಸೊಸೆಯರು ತಲೆಮಾರುಗಳಿಂದ ಈ ಕಲ್ಲನ್ನು ಗಡಿಯಮ್ಮನೆಂದು ಪೂಜಿಸಿ ಕಾಪಾಡಿದ್ದಾರೆ ಎಂಬ ಸಾಲನ್ನೂ ಸೇರಿಸಿದ್ದಾಳೆ. ಆ ಸಾಲನ್ನು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದ್ದೇನೆ.

ಫಲಕ ನಿಂತ ಮೊದಲ ಶುಕ್ರವಾರ ಗೆದ್ದವಳ ಹಾಗೆ ನಡೆದುಹೋಗಿ ಅವನ ಮುಂದೆ ಕುಳಿತೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದೆ. "ತಾಯಿ" ಎನ್ನಹೋಗಿ ನಿಂತೆ. ಅಪ್ಪಾ ಎನ್ನೋಣವೆಂದರೆ ಇಪ್ಪತ್ತೈದಿಪ್ಪತ್ತಾರರ ಹುಡುಗನ ಮುಖ, ನನ್ನ ಮಗನಿಗಿಂತ ಚಿಕ್ಕವನು. ಕೊನೆಗೆ, "ಏನಪ್ಪಾ, ಚೆನ್ನಾಗಿದ್ದೀಯಾ?" ಎಂದೆ. ಡೈರಿಯಲ್ಲಿ ಗಟ್ಟಿತನ ನೋಡಲು ಅಳೆಯುವ ಹಾಲಿನ ಡಿಗ್ರಿ ಈ ವಾರ ಚೆನ್ನಾಗಿ ಬಂದದ್ದು ಹೇಳಿದೆ. ಹೆಬ್ಬಾಳದ ಫ್ಲೈಓವರಿನಲ್ಲಿ ಬಸ್ಸು ಒಂದು ಗಂಟೆ ನಿಂತದ್ದು ಹೇಳಿದೆ. ಮಂಡಿನೋವಿನ ಸುದ್ದಿ ತೆಗೆದು, ಅದು ಮಂಡಿಯಿಂದ ಮೇಲಕ್ಕೆ ಹೋಗುವಷ್ಟರಲ್ಲಿ ನಿಲ್ಲಿಸಿದೆ. ಇನ್ನೇನೂ ಹೊರಡಲಿಲ್ಲ. ಇಡೀ ಊರಿನ ಮುಂದೆ ನಮ್ಮವನು ಎಂದು ಹೋರಾಡಿ ಗೆದ್ದುಕೊಂಡವನ ಎದುರಿಗೆ ನನಗೆ ನಾಚಿಕೆ! ಹತ್ತೇ ನಿಮಿಷಕ್ಕೆ ಎದ್ದು ಬಂದೆ. ಸರದಿಗೆ ಕಾಯುತ್ತಿದ್ದ ಜಯಮ್ಮ, "ಏನಕ್ಕ, ಇಷ್ಟ್ ಬೇಗ?" ಎಂದಳು. ಮಂಡಿ ನೋಯ್ತದೆ ಎಂದೆ. ಅವಳು ಹೋಗಿ ಮುಕ್ಕಾಲು ಗಂಟೆ ಕುಳಿತಳು. ಅವಳಿಗೆ ಯಾವ ತೊಂದರೆಯೂ ಇಲ್ಲ.

ನನಗಿದೆ. ಹೇಳಬೇಕಾದ್ದು ವಾರವಾರವೂ ಕೂಡುತ್ತಲೇ ಇದೆ. ಅದಕ್ಕೇ ಯಲಹಂಕದಿಂದ ಇನ್ನೂರು ಪುಟದ ನೋಟ್‌ಬುಕ್ ತರಿಸಿ ಬರೆಯತೊಡಗಿದೆ. ಇದು ಮೂರನೆಯದು. ಮೊಮ್ಮಕ್ಕಳಿಗಾಗಿ ಎಂದು ಮೇಲೆ ಬರೆದಿದ್ದೇನೆ, ಯಾಕೆಂದರೆ ಯಾರಿಗಾದರೂ ಎಂದು ಬರೆಯಬೇಕಲ್ಲ. ನಿಮ್ಮಲ್ಲಿಬ್ಬರಿಗೆ ಮೀಸೆ ಚಿಗುರುತ್ತಿರುವುದನ್ನು ಮೊನ್ನೆ ಗಮನಿಸಿದಾಗಿನಿಂದ ಕೆಲವು ಪುಟಗಳನ್ನು ಹರಿಯಬೇಕೇ ಎಂದು ಯೋಚಿಸುತ್ತಿದ್ದೇನೆ. ಹರಿಯುವುದಿಲ್ಲ. ನೀವೆಲ್ಲ ಓದಿ. ಓದಿದ್ದೇವೆಂದು ಮಾತ್ರ ನನಗೆ ಹೇಳಬೇಡಿ. ನಾನು ಎದುರಿಗೆ ಬಂದಾಗ ಏನೂ ಗೊತ್ತಿಲ್ಲದವರಂತೆ ಕಲ್ಲಾಗಿ ನಿಂತುಬಿಡಿ, ಸಾಕು.